ಸಿರುಗುಪ್ಪದ ಭಟ್ಟಿ ನೀರು

ಕಾಲರಾ ಬಂದವರ ನರಕ್ಕೆ ಏರಿಸುವ ಉಪ್ಪುನೀರಿಗೆ ಬಾವಿಯ ನೀರನ್ನು ಕುದಿಸಿ ಸೋಸಿದರೆ ಸಾಲದು. ಅದನ್ನು ಆವಿ ಮಾಡಿ, ಆ ಆವಿಯನ್ನು ತಣಿಸಿ, ಹನಿಹನಿಯಾಗಿ ಹಿಡಿಯಬೇಕು. ಬಳ್ಳಾರಿಯ ಮಿಷನ್ ಆಸ್ಪತ್ರೆಯಲ್ಲಿ ಈ ಕೆಲಸಕ್ಕೆ ಒಂದು ಕೋಣೆಯೇ ಇತ್ತು. ಸಿರುಗುಪ್ಪದಲ್ಲಿ ನನಗೆ ಸಿಕ್ಕಿದ್ದು ಒಂದು ತಾಮ್ರದ ಹಂಡೆ, ಸುರುಳಿ ಸುತ್ತಿದ ತಾಮ್ರದ ಕೊಳವೆ, ಆ ಕೊಳವೆಯನ್ನು ತಣ್ಣೀರಲ್ಲಿ ಮುಳುಗಿಸಿಡಲು ಒಂದು ಮರದ ತೊಟ್ಟಿ. ಹಂಡೆಯ ಬಾಯಿಗೆ ಮುಚ್ಚಳ ಇಟ್ಟು, ಸುತ್ತ ಜೋಳದ ಹಿಟ್ಟು ಮೆತ್ತಿ, ಕೆಳಗೆ ಬೆಂಕಿ ಹಾಕಿದರೆ ಕೊಳವೆಯ ತುದಿಯಿಂದ ಗಾಜಿನ ಜಾಡಿಗೆ ನೀರು ತೊಟ್ಟಿಕ್ಕುತ್ತಿತ್ತು. ನೋಡಿದವರಿಗೆ ಅದು ಸಾಕ್ಷಾತ್ ಸಾರಾಯಿ ಭಟ್ಟಿ. ಪಾನನಿಷೇಧದ ಕಾಲ ಬೇರೆ. ನಾವು ಬಂದ ನಾಲ್ಕನೇ ದಿನ ಅಬಕಾರಿಯವರು ಬಂದು, ಜಾಡಿಗೆ ಬೆರಳು ಅದ್ದಿ ನೆಕ್ಕಿ ನೋಡಿ, ರುಚಿಯೇ ಇಲ್ಲವಲ್ಲ ಎಂದು ಇನ್ನಷ್ಟು ಅನುಮಾನಪಟ್ಟುಕೊಂಡು ಹೋದರು.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ತುಂಗಭದ್ರೆಯ ಆಚೆ ದಡ ಹೈದರಾಬಾದ್ ಸಂಸ್ಥಾನ. ಅಲ್ಲಿ ಬಂದೂಕಿನವರು ಊರಿಗೆ ನುಗ್ಗಿ ಮನೆ ಸುಡುತ್ತಿದ್ದರು. ಈಚೆ ದಡದ ನಾವು ಮದ್ರಾಸಿಗೆ ಸೇರಿದವರು. ಜನ ಹರಿಗೋಲಿನಲ್ಲಿ, ನೀರು ಇಳಿದ ಕಡೆ ಕಾಲ್ನಡಿಗೆಯಲ್ಲಿ, ಹೊಳೆ ದಾಟಿ ಬರುತ್ತಿದ್ದರು. ಊರ ಹೊರಗೆ ಮುಚ್ಚಿಹೋಗಿದ್ದ ಒಂದು ಜಿನ್ನಿನ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯ, ಬಯಲಿನಲ್ಲಿ ಅವರಿಗೆ ತಟ್ಟಿ ಗುಡಿಸಲು ಹಾಕಿದ್ದರು. ಅಲ್ಲಿ ವಾಂತಿಭೇದಿ ಶುರುವಾದಾಗ ಬಳ್ಳಾರಿಯ ನಮ್ಮ ಡಾಕ್ಟರಮ್ಮ ನನ್ನನ್ನೂ ಒಬ್ಬ ಆಯಾಳನ್ನೂ ಕಳಿಸಿದರು. ಡಾಕ್ಟರಮ್ಮ ಇಂಗ್ಲೆಂಡಿನವರು, ಪುಸ್ತಕದಿಂದ ಕಲಿತ ಕನ್ನಡ ಅವರದು. ನರ್ಸುಗಳು ನರಕ್ಕೆ ಸೂಜಿ ಹಾಕುವ ಪದ್ಧತಿ ಆಗ ಇರಲಿಲ್ಲ. "ವಾರಕ್ಕೊಮ್ಮೆ ನಾನು ಬರುತ್ತೇನೆ. ಉಳಿದ ದಿನಗಳಲ್ಲಿ ನೀವೇ ಡಾಕ್ಟರು" ಎಂದರು. ನನಗೆ ಇಪ್ಪತ್ತಾರು ವರ್ಷ.

ಜಿನ್ನಿನ ದೊಡ್ಡ ಷೆಡ್ಡು ನಮ್ಮ ವಾರ್ಡು. ಅದರ ಹಿಂದಿನ ಅಂಗಳದಲ್ಲಿ ಭಟ್ಟಿ. ಬಾವಿಗೆ ಕ್ರಿಮಿ ಕೊಲ್ಲುವ ಔಷಧಿ ಹಾಕಿದರೆ ನೀರು ಕೆಂಪಗಾಗುತ್ತದೆ. ಅದು ರಕ್ತ ಎಂದರು ಗುಡಿಸಲಿನ ಜನ. ತೋಳಿಗೆ ಸೂಜಿ ಚುಚ್ಚಿಸಿಕೊಂಡವರು ಕಿರಿಸ್ತಾನರಾಗುತ್ತಾರೆ ಎಂದು ಯಾರೋ ಹಬ್ಬಿಸಿದರು. ನಾನು ಮತ್ತು ಆಯಾ ಬೆಳಗ್ಗೆ ಷೆಡ್ಡಿನ ಮೂಲೆಯಲ್ಲಿ ಐದು ನಿಮಿಷ ಪ್ರಾರ್ಥನೆ ಮಾಡಿದರೆ, ತಟ್ಟಿಯ ಸಂದಿಯಿಂದ ಹತ್ತು ಕಣ್ಣು ನೋಡುತ್ತಿದ್ದವು. ಮಿಷನ್‌ನವರು ಜನರನ್ನು ಜಾತಿ ಕೆಡಿಸುತ್ತಿದ್ದಾರೆಂದು ಕಲೆಕ್ಟರಿಗೆ ಒಂದು ಅರ್ಜಿಯೂ ಹೋಗಿತ್ತು.

ಕ್ಯಾಂಪಿನಲ್ಲಿ ಎಲ್ಲರೂ ಮಾತು ಕೇಳುತ್ತಿದ್ದ ಒಬ್ಬ ಗೌಡರಿದ್ದರು. ಆಚೆ ದಡದಲ್ಲಿ ಮನೆ, ದನ, ಮಗ, ಮೂರನ್ನೂ ಕಳೆದುಕೊಂಡವರು. ಮೊದಲ ದಿನವೇ ಬಂದು ನೇರವಾಗಿ ಕೇಳಿದರು.

"ಏನ್ ನರ್ಸಮ್ಮ, ಬಿಳೇರು ರಾಜ್ಯ ಬಿಟ್ಟು ಹೋದ್ರು. ನೀವ್ಯಾಕ ಇನ್ನಾ ಉಳದೀರಿ?"

"ನಾನು ಕುರುಗೋಡಿನಾಕಿ ರೀ ಗೌಡ್ರ. ಇದ ನನ್ನ ಸೀಮಿ. ಎಲ್ಲಿಗ್ಹೋಗ್ಲಿ?"

ಅವರು ನಗಲಿಲ್ಲ. ಆದರೆ ಮರುದಿನ ರೋಗಿಗಳು ಬರತೊಡಗಿದರು.

ಭಟ್ಟಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಆಗ ಬಂದವರು ಇಂಜಿನ್ ಸಾಬರು. ಆಚೆ ದಡದ ಜಿನ್ನಿನಲ್ಲಿ ಬಾಯ್ಲರ್ ಕೆಲಸ ಮಾಡಿದವರು, ಅರವತ್ತರ ಹತ್ತಿರದವರು. ಅವರ ಊರಲ್ಲಿ ಗಲಾಟೆಯಾದಾಗ ಹಿಂದೂ ನೆರೆಯವರನ್ನು ಮನೆಯಲ್ಲಿ ಬಚ್ಚಿಟ್ಟರಂತೆ; ಬಂದೂಕಿನವರು ಅವರ ಮನೆಯನ್ನೂ ಸುಟ್ಟರಂತೆ. ಹಾಗೆಂದು ಅವರು ಹೇಳಿದರು. ಸಾಕ್ಷಿ ಹೇಳಲು ಯಾರೂ ಇರಲಿಲ್ಲ. ಕ್ಯಾಂಪಿನವರು ಅವರನ್ನು ಗುಡಿಸಲ ಸಾಲಿಗೆ ಸೇರಿಸಿರಲಿಲ್ಲ. ಜಿನ್ನಿನ ಗೋಡೆಯ ಹೊರಗೆ ಒಂದು ಗೋಣಿತಟ್ಟು ಹಾಸಿಕೊಂಡು ಇರುತ್ತಿದ್ದರು. ಸಾಬ, ಅದೂ ಆಚೆ ದಡದಿಂದ, ಅದೂ ಒಬ್ಬನೇ ಎಂದರೆ ಗೂಢಚಾರನಲ್ಲದೆ ಮತ್ತೇನು ಎಂದು ಎಲ್ಲರೂ ಅಂದುಕೊಂಡಿದ್ದರು.

ಕೆಲಸ ಮಾತ್ರ ಅಚ್ಚುಕಟ್ಟು. ಬೆಳಕು ಹರಿಯುವ ಮುಂಚೆ ಬೆಂಕಿ ಹಾಕುತ್ತಿದ್ದರು. ಮೊದಲು ಬಂದ ಒಂದು ಸೇರು ನೀರನ್ನು ಚೆಲ್ಲುತ್ತಿದ್ದರು. ಜಾಡಿ ತುಂಬಿದ ಕೂಡಲೇ ಅಂಗಳದಿಂದಲೇ ಕೂಗಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಬಳ್ಳಾರಿಯಿಂದ ತೂಗಿ ಕಟ್ಟಿ ತಂದ ಉಪ್ಪಿನ ಪೊಟ್ಟಣ ಹಾಕಿ, ಅರಿವೆಯಲ್ಲಿ ಸೋಸಿ, ಬಾಟಲಿ ಸಮೇತ ಕುದಿಸಿ, ಮೈಶಾಖಕ್ಕೆ ಆರಿಸಿ ರೋಗಿಗೆ ಏರಿಸುತ್ತಿದ್ದೆ. ನೀರು ಇಳಿದು ಮೂರು ತಾಸಿನೊಳಗೆ ಅದು ರೋಗಿಯ ಮೈಯಲ್ಲಿರುತ್ತಿತ್ತು. ಹತ್ತು ದಿನದಲ್ಲಿ ಹತ್ತೊಂಬತ್ತು ಮಂದಿಗೆ ಏರಿಸಿದೆವು. ನಾಡಿ ಸಿಗದೆ ಮಲಗಿದ್ದವರು ಎದ್ದು ಕೂತು ಗಂಜಿ ಕೇಳಿದರು.

ಆದರೂ ನನಗೆ ಅವರ ಮೇಲೆ ನಂಬಿಕೆ ಬರಲಿಲ್ಲ. ಬೆಳಗಿನ ಹೊತ್ತು ನಾನು ವಾರ್ಡಿನಲ್ಲಿರುತ್ತಿದ್ದೆ, ಅವರೊಬ್ಬರೇ ಭಟ್ಟಿಯ ಹತ್ತಿರ. ಏನು ಹಾಕಿದರೂ ನೋಡುವವರಿಲ್ಲ. ಒಂದು ಸಲ ಹಿಂದಿನ ಬಾಗಿಲಿಗೆ ಬಂದಾಗ ಅವರು ಜಾಡಿಯ ಮೇಲೆ ಬಗ್ಗಿ, ಒಂದು ಕೈಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದು ಕಂಡಿತು. ನನ್ನ ಹೆಜ್ಜೆ ಕೇಳಿ ಥಟ್ಟನೆ ಕೈ ತೆಗೆದರು. ಅಂದು ಸಂಜೆಯೇ ಪದ್ಧತಿ ಬದಲಿಸಿದೆ.

"ಸಾಬ್ರ, ಇನ್ಮ್ಯಾಲೆ ಬೆಳಿಗ್ಗೆ ಬ್ಯಾಡ. ಸಂಜಿ ಮುಂದ ಇಳಸ್ರಿ. ನಾನೂ ಕುಂದ್ರತೀನಿ."

"ಸಂಜಿ ಇಳಸಿದ್ದು ಬೆಳಿಗ್ಗಿತನಕ ಇಡ್ತೀರೇನು ಅಮ್ಮಾ?"

"ಹೂಂ. ಬೆಳಿಗ್ಗೆ ಕುದಸ್ತೀನಿ."

"ನೀರು ತಾಜಾ ಇದ್ರ ಚಲೋ. ನಿಂತ ನೀರು ಬಾಯ್ಲರಿಗೂ ಆಗಿಬರಂಗಿಲ್ಲ."

"ನರ್ಸು ನಾನೋ ನೀವೋ?" ಎಂದೆ. ದಿನಾ ಸಂಜೆ ಒಂದು ಸ್ಟೂಲು ಹಾಕಿಕೊಂಡು ಅವರ ಕೈಯನ್ನೇ ನೋಡುತ್ತ ಕೂತೆ. ನನ್ನ ಮಟ್ಟಿಗೆ ಅದು ಎಚ್ಚರಿಕೆ ಅನ್ನಿಸಿತ್ತು.

ಮೂರನೇ ದಿನ ಒಬ್ಬ ಹೆಂಗಸಿಗೆ ಅರ್ಧ ಬಾಟಲಿ ಹೋಗುವಷ್ಟರಲ್ಲಿ ಮೈ ನಡುಗತೊಡಗಿತು. ಹಲ್ಲು ಕಟಕಟ ಎನ್ನುತ್ತಿತ್ತು. ಮೂರು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ತಾಸು ಕಳೆದ ಮೇಲೆ ಜ್ವರ ಏರಿ, ಆಮೇಲೆ ಇಳಿಯಿತು. ಮರುದಿನ ಒಬ್ಬ ಮುದುಕನಿಗೆ ಹಾಗೇ ಆಯಿತು. ಅದರ ಮರುದಿನ ಒಬ್ಬ ಒಕ್ಕಲಿಗನಿಗೆ, ಮೂವತ್ತು ವರ್ಷದ ಗಟ್ಟಿ ಆಳಿಗೆ. ವಾಂತಿಭೇದಿಯಿಂದ ಸೋತ ಅವನ ಮೈಯಲ್ಲಿ ನಡುಕ ತಡೆಯುವಷ್ಟು ಶಕ್ತಿ ಉಳಿದಿರಲಿಲ್ಲ. ಹೆಂಡತಿ ಅವನ ಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮಧ್ಯಾಹ್ನಕ್ಕೆ ಹೋಗಿಬಿಟ್ಟ.

ಷೆಡ್ಡಿನ ಮುಂದೆ ಜನ ಸೇರಿದರು. ಗೌಡರು ಒಳಗೆ ಬಂದರು.

"ಕಾಲರಾದಾಗ ನಡುಕ ಬರಂಗಿಲ್ಲ ನರ್ಸಮ್ಮ. ನಾ ಭಾಳ ಮಂದಿ ಸಾಯೂದು ನೋಡೀನಿ. ಈ ನೀರಾಗ ಏನೈತಿ?"

"ಉಪ್ಪು ರೀ. ಬ್ಯಾರೆ ಏನಿಲ್ಲ."

"ನೀರು ಮಾಡಿದವ್ರು ಯಾರು?"

ಒಂದು ಕ್ಷಣ ಇತ್ತು, ಬೇರೆ ಏನಾದರೂ ಹೇಳಬಹುದಿತ್ತು. ನಾನು ಹಿಂದಿನ ಅಂಗಳದ ಕಡೆ ನೋಡಿ, "ನೀರು ಇಳಸಿದಾವ ಅವ" ಎಂದೆ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಜನ ಸಾಬರನ್ನು ಅಂಗಳದಿಂದ ಎಳೆದು ತಂದರು. ಪೊಲೀಸ್ ಜಮಾದಾರರು ಇಬ್ಬರು ಕಾನ್‌ಸ್ಟೇಬಲ್‌ಗಳೊಡನೆ ಓಡಿ ಬಾರದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಸಾಬರ ಹಣೆ ಒಡೆದು ರಕ್ತ ಕಣ್ಣಿಗೆ ಇಳಿದಿತ್ತು. ಅವರು ನನ್ನ ಕಡೆ ನೋಡಿದರು. ಅವರ ಗಂಟು ಬಿಚ್ಚಿದರೆ ಒಂದು ಉರ್ದು ಕಾಗದ ಸಿಕ್ಕಿತು. ಓದಿಸಿದರು: ಅಲ್ಲಿ ಕೆಲಸ ಮಾಡಿದ್ದಕ್ಕೆ ಜಿನ್ನಿನ ಮಾಲೀಕರು ಕೊಟ್ಟ ಚೀಟಿ. "ಇದು ಖರೇನೋ ಖೊಟ್ಟಿನೋ ಯಾರಿಗ್ಗೊತ್ತು" ಎಂದರು ಜಮಾದಾರರು. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡರು. ಜಾಡಿಯ ಮೇಲೆ ಬಗ್ಗಿ ಅಂಗಿಯೊಳಗೆ ಕೈ ಇಟ್ಟಿದ್ದನ್ನು ನೋಡಿದೆ ಎಂದು ಬರೆಸಿ ರುಜು ಹಾಕಿದೆ. ನೋಡಿದ್ದೇನೋ ನಿಜವೇ.

ಉಳಿದ ನೀರಿನ ಒಂದು ಬಾಟಲಿಗೆ ಬೂಚು ಹಾಕಿ, ಅರಗು ಮುದ್ರೆ ಒತ್ತಿ, ಪರೀಕ್ಷೆಗೆಂದು ಬಳ್ಳಾರಿಗೆ ಹೊರಟೆ. ವಾರ್ಡು ಆಯಾಳ ಪಾಲಿಗೆ. ಸೂಜಿ ನಿಲ್ಲಿಸಿ ಬಾಯಿಗೆ ಉಪ್ಪು ಹಾಕಿದ ಗಂಜಿತಿಳಿ ಕೊಡು ಎಂದಿದ್ದೆ. ಇದ್ದಿಲು ಗ್ಯಾಸಿನ ಬಸ್ಸು ಸಿರಿಗೇರಿಯಲ್ಲಿ ಒಮ್ಮೆ, ಕುರುಗೋಡಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡಿತು. ದಾರಿಯುದ್ದಕ್ಕೂ ಬಾಟಲಿಯನ್ನು ಮಡಿಲಲ್ಲಿ ಹಿಡಿದಿದ್ದೆ. ಅದರಲ್ಲಿ ವಿಷ ಇರಲಿ ಎಂದು ನಾನು ಬಯಸುತ್ತಿದ್ದೇನೆಂದು ಗೊತ್ತಾದಾಗ ಕಿಟಕಿಯಾಚೆ ನೋಡತೊಡಗಿದೆ.

ಡಾಕ್ಟರಮ್ಮ ಬಾಟಲಿ ತೆರೆಯಲಿಲ್ಲ. ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟರು.

"ಈ ನೀರನ್ನು ಯಾವಾಗ ಇಳಿಸಿದ್ದು?"

"ಸಂಜೆ."

"ರೋಗಿಗೆ ಏರಿಸಿದ್ದು?"

"ಮರುದಿನ ಬೆಳಗ್ಗೆ. ಚೆನ್ನಾಗಿ ಕುದಿಸಿಯೇ ಏರಿಸಿದೆ."

ಅವರು ಕನ್ನಡಕ ತೆಗೆದರು. "ಈ ಸೆಕೆಯಲ್ಲಿ ಒಂದು ರಾತ್ರಿ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳು ಬೆಳೆಯುತ್ತವೆ. ಕುದಿಸಿದಾಗ ಅವು ಸಾಯುತ್ತವೆ, ಆದರೆ ಅವುಗಳ ವಿಷ ನೀರಿನಲ್ಲೇ ಉಳಿಯುತ್ತದೆ. ಅದು ಕುದಿಸಿದರೆ ಹೋಗುವುದಿಲ್ಲ. ಕುಡಿದರೆ ಏನೂ ಆಗದು. ರಕ್ತಕ್ಕೆ ಸೇರಿದರೆ ಚಳಿ, ಜ್ವರ. ಇದನ್ನು ನಾನು ನಿಮಗೆ ಕಲಿಸಿದ್ದೆ."

"ಕಲಿಸಿದ್ದಿರಿ."

"ಹಾಗಾದರೆ ಯಾಕೆ ಬದಲಿಸಿದಿರಿ?"

"ಬೆಳಗ್ಗೆ ಆ ಮನುಷ್ಯನ ಮೇಲೆ ಕಣ್ಣಿಡಲು ನನಗೆ ಆಗುತ್ತಿರಲಿಲ್ಲ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

ನೀರಿನಲ್ಲಿ ಯಾರೂ ವಿಷ ಹಾಕಿಲ್ಲವೆಂದು ಪೊಲೀಸರಿಗೆ ಒಂದು ಕಾಗದ ಬರೆದುಕೊಟ್ಟರು. "ಇಷ್ಟು ಸಾಕು. ಕ್ಯಾಂಪಿನಲ್ಲಿ ಇದನ್ನು ಹೇಳಬೇಡಿ. ಅರ್ಜಿ ಈಗಾಗಲೇ ಕಲೆಕ್ಟರ ಮುಂದಿದೆ. ನರ್ಸಿನ ತಪ್ಪಿನಿಂದ ಒಬ್ಬ ಸತ್ತನೆಂದು ತಿಳಿದರೆ ಯಾರೂ ಸೂಜಿಗೆ ತೋಳು ಒಡ್ಡುವುದಿಲ್ಲ. ಇನ್ನೂ ಹತ್ತು ಜನ ಸಾಯುತ್ತಾರೆ. ನೀವು ಸತ್ಯ ಹೇಳಿದ ಸಮಾಧಾನಕ್ಕೆ ಅವರು ಯಾಕೆ ಸಾಯಬೇಕು?"

ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ.

ಹಿಂದಿರುಗುವಾಗ ಕುರುಗೋಡಿನಲ್ಲಿ ಇಳಿದೆ. ಅಪ್ಪ ಮೂವತ್ತು ವರ್ಷ ಮಿಷನ್ನಿನ ಉಪದೇಶಿಯಾಗಿ ಹಳ್ಳಿ ತಿರುಗಿ, ಕಾಲು ಸೋತು ಮನೆಯಲ್ಲಿದ್ದರು. ಕಲ್ಲುಗುಡ್ಡದ ಬುಡದ ಮನೆ. ಮಧ್ಯಾಹ್ನ ಒಳಗೆ ಕಾದ ಹಂಚಿನ ಹಾಗಿರುತ್ತದೆ. ಅವ್ವ ಮಜ್ಜಿಗೆ ಕೊಟ್ಟಳು. ಎಲ್ಲ ಹೇಳಿದೆ. ಡಾಕ್ಟರಮ್ಮ ಹೇಳಿದ್ದನ್ನೂ ಹೇಳಿದೆ. ಅಪ್ಪ ಪ್ರಾರ್ಥನೆ ಮಾಡೋಣ ಎನ್ನುತ್ತಾರೆಂದು ಕಾದೆ. ಅವರು ಒಂದೇ ಕೇಳಿದರು.

"ಆ ಮನಶ್ಯಾ ಈಗ ಎಲ್ಲದಾನ?"

"ಠಾಣ್ಯಾಗ."

"ಹಂಗಾರ ನೀ ಇಲ್ಯಾಕ ಕುಂತಿ?"

"ಜನ ಸೂಜಿ ಬಿಡ್ತಾರಪ್ಪಾ. ಸಾಯ್ತಾರ."

"ಅದು ನನಗ ತಿಳಿಯಂಗಿಲ್ಲವ್ವಾ. ನಾ ಡಾಕ್ಟರಲ್ಲ" ಎಂದು ಗೋಡೆಗೆ ಒರಗಿದರು. ಮಜ್ಜಿಗೆ ಮುಗಿಸದೆ ಎದ್ದೆ.

ಸಿರುಗುಪ್ಪದ ಠಾಣೆಯಲ್ಲಿ ಜಮಾದಾರರು ಡಾಕ್ಟರಮ್ಮನ ಕಾಗದವನ್ನು ಓದಿ ಮಡಚಿಟ್ಟರು.

"ನಾನು ನಂಬ್ತೀನ್ರಿ. ಆದ್ರ ಇದನ್ನ ನೋಡಿ ಇವನ್ನ ಬಿಟ್ಟೆ ಅನ್ಕೋರಿ. ವಿಷ ಇಲ್ಲಂದ್ರ ಆ ಒಕ್ಕಲಿಗ ಯಾಕ ಸತ್ತಾ ಅಂತ ಕ್ಯಾಂಪಿನೋರು ಕೇಳ್ತಾರ. ಏನ್ ಹೇಳ್ಲಿ? ಇವ ಬಯಲು ದಾಟೂದ್ರೊಳಗ ಕೊಂದ್ಹಾಕ್ತಾರ. ಇಲ್ಲೇ ಇರ್ಲಿ ಬಿಡ್ರಿ, ಜೀವಾರ ಉಳೀತೈತಿ."

ಹಿಂದಿನ ಕೋಣೆಯಲ್ಲಿ ಸಾಬರು ಗೋಡೆಗೆ ಮುಖ ಮಾಡಿ ಕೂತಿದ್ದರು. ಹಣೆಯ ಗಾಯಕ್ಕೆ ಬರೀ ಸುಣ್ಣ ಅರಿಶಿಣ ಮೆತ್ತಿದ್ದರು. ಅದನ್ನು ತೊಳೆದು ಕಟ್ಟಿದೆ. ಅವರು ತಡೆಯಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ. ಪಟ್ಟಿಯ ಗಂಟು ಹಾಕುವಾಗ, ಹೇಳಬೇಕಾದ್ದು ಕ್ಯಾಂಪಿನಲ್ಲೇ ಎಂದು ನಿಶ್ಚಯವಾಯಿತು. ಯಾವ ದರ್ಶನವೂ ಆಗಲಿಲ್ಲ, ಧೈರ್ಯವೂ ಬರಲಿಲ್ಲ. ಬೇರೆ ದಾರಿ ಉಳಿದಿರಲಿಲ್ಲ, ಅಷ್ಟೆ.

ಜಮಾದಾರರನ್ನು ಜೊತೆಗೆ ಕರೆದುಕೊಂಡು ಹೋದೆ. ಗುಡಿಸಲುಗಳ ನಡುವಿನ ಬೇವಿನ ಮರದ ಕೆಳಗೆ ಗೌಡರು ಜನರನ್ನು ಕೂಡಿಸಿದರು. ಸತ್ತವನ ಹೆಂಡತಿ ಮುಂದೆಯೇ ಇದ್ದಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು. ನಾನು ನಿಂತುಕೊಂಡೇ ಹೇಳಿದೆ.

"ಸಾಬ್ರು ನೀರಾಗ ಏನೂ ಹಾಕಿಲ್ಲ. ನೀರು ಅವತ್ತ ಇಳಸಿ ಅವತ್ತ ಏರಸ್ಬೇಕು. ನಾನು ಒಂದು ರಾತ್ರಿ ಇಟ್ಟೆ. ನಿಂತ ನೀರು ಕೆಡ್ತು. ಅದಕ್ಕ ನಡುಕ ಬಂತು. ಅವ್ರು ಬ್ಯಾಡ ಅಂದಿದ್ರು, ನಾನು ಕೇಳ್ಲಿಲ್ಲ. ಅವ್ರ ಮ್ಯಾಲೆ ನನಗ ಸಂಶಯ ಇತ್ತು. ತಪ್ಪು ನಂದು. ಠಾಣ್ಯಾಗ ಬರಸಿದ್ದನ್ನ ಹಿಂದಕ್ಕ ತಗೋತೀನಿ."

ಒಬ್ಬ ಹೆಂಗಸು ನೆಲಕ್ಕೆ ಉಗುಳಿ ಮಗುವನ್ನು ಎತ್ತಿಕೊಂಡು ಹೋದಳು. ಹಿಂದಿನಿಂದ ಯಾರೋ, "ಇದನ್ನ ಹೇಳಾಕ ಯಾರು ಕಲಿಸಿ ಕಳಿಸ್ಯಾರೋ" ಎಂದರು. ಗೌಡರು ಜಮಾದಾರರ ಕಡೆ ತಿರುಗಿದರು.

"ಆ ಮುದುಕನ್ನ ಬಿಡ್ರಿ. ನಮ್ಮೋರು ಮುಟ್ಟಂಗಿಲ್ಲ. ನಾ ಅದೀನಿ."

ಆಮೇಲೆ ನನಗೆ: "ನಿಮ್ಮ ಸೂಜಿ ಯಾರು ಹಾಕಿಸ್ಕೋತಾರೋ ನೋಡ್ಕೋರಿ."

ಯಾರೂ ಹಾಕಿಸಿಕೊಳ್ಳಲಿಲ್ಲ. ಎರಡು ದಿನ ಷೆಡ್ಡು ಖಾಲಿ. ಗುಡಿಸಲುಗಳಲ್ಲಿ ಇಬ್ಬರು ಸತ್ತರು, ಒಬ್ಬರನ್ನಾದರೂ ಉಳಿಸಬಹುದಿತ್ತು. ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಆಯಾ ನನ್ನ ಜೊತೆ ಮಾತು ಬಿಟ್ಟಳು. ಬೆಳಗಿನ ಪ್ರಾರ್ಥನೆಗೆ ಕೂತರೆ ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. ಸುಮ್ಮನೆ ಕೂತು ಏಳುತ್ತಿದ್ದೆ.

ಬಿಡುಗಡೆಯಾದ ಸಾಬರು ಜಿನ್ನಿನ ಗೋಡೆಯ ಹೊರಗೆ ತಮ್ಮ ಗೋಣಿತಟ್ಟಿನ ಮೇಲೆ ಬಂದು ಕೂತಿದ್ದರು. ಹೋಗಲು ಬೇರೆ ಜಾಗ ಇರಲಿಲ್ಲ. ಎರಡನೇ ದಿನ ಸಂಜೆ ಅವರ ಮುಂದೆ ಹೋಗಿ ನಿಂತೆ.

"ತಪ್ಪಾತ್ರಿ ಸಾಬ್ರ."

"ಕೇಳೀನಿ. ಗೌಡ್ರು ಹೇಳಿದ್ರು."

"ಭಟ್ಟಿಗೆ ಬರ್ತೀರೇನು?"

ಅವರು ಅಂಗಿಯೊಳಗೆ ಕೈ ಹಾಕಿದರು. ಹೊರಗೆ ಬಂದದ್ದು ಒಂದು ಜಪಮಣಿ ಸರ. ಅದನ್ನು ನನಗೆ ಕಾಣುವಂತೆ ಅಂಗೈಯಲ್ಲಿ ಇಟ್ಟುಕೊಂಡರು. "ಹಿಂದುಗಡಿ ಬಾಗಲ್ದಾಗ ನಿಮ್ಮ ಹೆಜ್ಜಿ ಕೇಳ್ತು. ಮಿಷನ್ನಿನೋರು, ಏನ್ ಅಂತಾರೋ ಅಂತ ಮುಚ್ಚಿಟ್ಕೊಂಡೆ." ಸರವನ್ನು ಮತ್ತೆ ಅಂಗಿಗೆ ಸೇರಿಸಿದರು. "ಬರ್ತೀನಿ. ಆದ್ರ ನೀವು ಸ್ಟೂಲ್ ಹಾಕ್ಕೊಂಡು ಕುಂದರಬಾರ್ದು. ಕಣ್ಣು ಬೆನ್ನಿಗೆ ಚುಚ್ಚತೈತಿ ಅಮ್ಮಾ. ಅದಾಗಂಗಿಲ್ಲ."

ಅಂದೇ ಸ್ಟೂಲನ್ನು ಅಂಗಳದಿಂದ ಒಳಗೆ ತಂದಿಟ್ಟೆ.

ಮರುದಿನ ಬೆಳಕು ಹರಿಯುವ ಮುಂಚೆ ಅಂಗಳದಲ್ಲಿ ಬೆಂಕಿಯ ಸದ್ದು. ನಾನು ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಹೋಗಬೇಕೆಂದು ಕಾಲು ಎಳೆಯುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಂಬಿಕೆ ಒಂದೇ ದಿನದಲ್ಲಿ ಬರುವುದಿಲ್ಲ. ಹೋಗದೆ ಇರುವುದು ಮಾತ್ರ ನನ್ನ ಕೈಲಿತ್ತು. ಸೂಜಿಗಳನ್ನು ಕುದಿಸಿದೆ, ರಬ್ಬರಿನ ಕೊಳವೆ ತೊಳೆದೆ, ತೊಳೆದಿದ್ದನ್ನೇ ಮತ್ತೆ ತೊಳೆದೆ. ಆಯಾ ಜಾಡಿ ತಂದಿಟ್ಟಳು. ಉಪ್ಪು ಹಾಕಿ, ಸೋಸಿ, ಕುದಿಸಿ ಇಟ್ಟೆ. ಏರಿಸಲು ಮಾತ್ರ ಯಾರೂ ಇರಲಿಲ್ಲ.

ಆಗ ಇಬ್ಬರು ಒಂದು ಬಾಗಿಲ ತಟ್ಟಿಯ ಮೇಲೆ ಸತ್ತ ಒಕ್ಕಲಿಗನ ಹೆಂಡತಿಯನ್ನು ಹೊತ್ತು ತಂದರು. ಹಿಂದೆ ಗೌಡರು. ರಾತ್ರಿಯಿಂದ ವಾಂತಿ. ಕಣ್ಣು ಗುಳಿ ಬಿದ್ದಿದ್ದವು, ಬೆರಳುಗಳು ನೀರಲ್ಲಿ ನೆನೆದಂತೆ ಸುಕ್ಕಾಗಿದ್ದವು, ಮಣಿಕಟ್ಟಿನಲ್ಲಿ ನಾಡಿ ಇರಲಿಲ್ಲ. ಮಾತು ಮಾತ್ರ ಇತ್ತು, ಪಿಸುಮಾತಿನಷ್ಟು.

"ನನ್ನ ಗಂಡಗ ಹಾಕಿದ್ದು ಇದನ?"

"ಅಲ್ಲವ್ವಾ. ಇದು ಈಗ ಇಳಸಿದ್ದು. ಇನ್ನಾ ಬಿಸಿ ಐತಿ, ಮುಟ್ಟಿ ನೋಡು."

ಬಾಟಲಿಯನ್ನು ಅವಳ ಕೈಗೆ ತಗುಲಿಸಿದೆ. ಅವಳು ಮುಟ್ಟಿ ನೋಡಿದಳು. ನನ್ನ ಮುಖವನ್ನೂ ನೋಡಿದಳು. ಆ ನೋಟದಲ್ಲಿ ನಂಬಿಕೆ ಇರಲಿಲ್ಲ. "ಹಾಕು" ಎಂದು ತೋಳನ್ನು ಚಾಚಿದಳು.

ನರ ಸಿಗಲಿಲ್ಲ. ಕೊನೆಗೆ ಪಾದದ ಗಿಣ್ಣಿನ ಬಳಿ ಸ್ವಲ್ಪ ಚರ್ಮ ಕೊಯ್ದು ನರ ಎತ್ತಿ ಸೂಜಿ ಸೇರಿಸಿದೆ. ಬಾಟಲಿಯನ್ನು ಗೌಡರೇ ಎತ್ತಿ ಹಿಡಿದರು. ನೀರು ಇಳಿಯತೊಡಗಿತು. ಅವಳ ದವಡೆಯನ್ನೇ ನೋಡುತ್ತ ಕೂತೆ, ನಡುಕ ಅಲ್ಲೇ ಮೊದಲು ಕಾಣುವುದು. ಅರ್ಧ ಬಾಟಲಿ ಹೋಯಿತು. ಮುಕ್ಕಾಲು ಹೋಯಿತು. ತಲೆ ಎತ್ತಿದರೆ ಹಿಂದಿನ ಬಾಗಿಲಲ್ಲಿ ಸಾಬರು ನಿಂತಿದ್ದರು, ಮಣಿ ಸರವನ್ನು ಮುಚ್ಚಿಡದೆ ಎಣಿಸುತ್ತ. ಅವರು ವಾರ್ಡಿನ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಗೌಡರು ಅವರನ್ನು ನೋಡಿದರು, ಹೋಗು ಎನ್ನಲಿಲ್ಲ. ಬಾಟಲಿ ಖಾಲಿಯಾಯಿತು. ಮಣಿಕಟ್ಟಿನಲ್ಲಿ ದಾರದೆಳೆಯಷ್ಟು ನಾಡಿ ಬಂತು.

ನಡುಕ ಬರುವುದಾದರೆ ಈಗಲೇ ಬರಬೇಕು. ಕಂಬಳಿ ಎಳೆದು ಹತ್ತಿರ ಇಟ್ಟುಕೊಂಡೆ. ಇನ್ನೂ ಅರ್ಧ ತಾಸು ಕಳೆಯಿತು.

ಅವಳು ಕಣ್ಣು ಬಿಟ್ಟು ಕಂಬಳಿಯನ್ನು ಕೈಯಿಂದ ದೂರ ತಳ್ಳಿದಳು.

"ಸೆಕಿ" ಎಂದಳು ಸಿಡುಕಿನಿಂದ. "ಇಷ್ಟ್ ಮಂದಿ ನಿಂತೀರಿ, ಬೀಸಾಕ ಒಬ್ರೂ ಇಲ್ಲೇನು?"

ಸಾಬರು ಅಂಗಳಕ್ಕೆ ತಿರುಗಿದರು. ಇನ್ನೊಂದು ಬಾಟಲಿಗೆ ನೀರು ಬೇಕಾಗುತ್ತದೆಂದು ಹಂಡೆಯ ಕೆಳಗೆ ಸೌದೆ ಒಟ್ಟುವ ಸದ್ದು ಕೇಳಿಸಿತು. ನಾನು ಬೀಸಣಿಗೆ ಎತ್ತಿಕೊಂಡೆ.